ಬೆಕ್ಕು, ನಾಯಿಗೆ ಸಂತಾನಹರಣ ಆಪರೇಷನ್ ಮಾಡಿಸಬಹುದಾ? ಬೌದ್ಧ ದೃಷ್ಟಿಯಿಂದ ಪದೇ ಪದೇ ಕೇಳುವ ಪ್ರಶ್ನೆಗಳು

ಪಂಚಶೀಲ, ಅಂದರೆ ಬೌದ್ಧ ಗೃಹಸ್ಥರ ಐದು ನಿಯಮ, ಪಾಲಿಸಬೇಕು ಅಂದುಕೊಂಡವರ ಮನೆಯಲ್ಲಿ ಒಂದು ಹೆಣ್ಣು ಬೆಕ್ಕೋ ನಾಯಿಯೋ ಇದ್ದರೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ನನಗೆ ಎದುರಾದಾಗ ಸುಮಾರು ಎರಡು ವರ್ಷ ತೀರ್ಮಾನ ಮಾಡದೆ ತಳ್ಳಿದೆ. ಅದರ ಬೆಲೆಯನ್ನು ನಾನು ತೆರಲಿಲ್ಲ, ನನ್ನ ಬೆಕ್ಕು ತೆತ್ತಿತು. ಆಮೇಲೆ ಗೆಳೆಯರು, ಅವರ ಗೆಳೆಯರು ಇದೇ ಪ್ರಶ್ನೆಗಳನ್ನು ಕೇಳುತ್ತಾ ಬಂದರು. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ನಾನು ಭಿಕ್ಷು ಅಲ್ಲ, ಪಶುವೈದ್ಯನೂ ಅಲ್ಲ. ಓದಿ, ಕೇಳಿ, ಮಾಡಿ ತಿಳಿದದ್ದನ್ನು ಹೇಳುತ್ತಿದ್ದೇನೆ.

ನೇರವಾಗಿ ಹೇಳಿ, ಇದು ತಪ್ಪಾ ಸರಿಯಾ?

ನನ್ನ ಉತ್ತರ: ಹೆಚ್ಚಿನ ಮನೆಗಳಲ್ಲಿ ಮಾಡಿಸುವುದೇ ಸರಿ. ಆದರೆ ಅದು ನೋವಿಲ್ಲದ, ಕಳಂಕವಿಲ್ಲದ ಕೆಲಸ ಅಂತ ನಿಮಗೆ ನೀವೇ ಹೇಳಿಕೊಳ್ಳಬೇಡಿ. ಒಂದು ಆರೋಗ್ಯವಂತ ಜೀವದ ಮೈಗೆ ಕತ್ತರಿ ಹಾಕಿಸುತ್ತಿದ್ದೀರಿ. ಅದನ್ನು ಒಪ್ಪಿಕೊಂಡೇ, ಯಾಕೆ ಮಾಡಿಸುತ್ತಿದ್ದೇನೆ ಅಂತ ಗೊತ್ತಿದ್ದೇ ಮಾಡಿಸಬೇಕು. ಕೆಳಗಿರುವ ಉತ್ತರಗಳೆಲ್ಲ ಈ ಮಾತಿನ ಸುತ್ತಲೇ ಇವೆ.

ಬುದ್ಧ ಮನೆಯ ನಾಯಿ ಬೆಕ್ಕಿನ ಸಂತಾನಹರಣದ ಬಗ್ಗೆ ಹೇಳಿದ ಸುತ್ತ, ಅಂದರೆ ಉಪದೇಶ, ಯಾವುದೂ ಇಲ್ಲ. ಅರಿವಳಿಕೆ ಕೊಟ್ಟು ಹೊಟ್ಟೆ ತೆರೆದು ಹೊಲಿಗೆ ಹಾಕುವ ಆಪರೇಷನ್ ಅವತ್ತು ಇರಲಿಲ್ಲ. ಹಾಗಾಗಿ ಯಾರಾದರೂ "ಬುದ್ಧ ಇದನ್ನು ನಿಷೇಧಿಸಿದ್ದಾನೆ" ಅಂದರೂ "ಬುದ್ಧ ಇದನ್ನು ಒಪ್ಪಿದ್ದಾನೆ" ಅಂದರೂ ನಂಬಬೇಡಿ. ನಮ್ಮ ಕೈಲಿರುವುದು ಅವನು ಕೊಟ್ಟ ಅಳತೆಗೋಲುಗಳು ಮಾತ್ರ. ಅಳೆಯುವ ಕೆಲಸ ನಮ್ಮದು.

ಮೊದಲ ಶೀಲ ಮುರಿದ ಹಾಗೆ ಆಗುತ್ತದಾ?

ಇಲ್ಲ. ಮೊದಲ ಶೀಲ ಪ್ರಾಣ ತೆಗೆಯುವುದರಿಂದ ದೂರ ಇರುವುದು. ಯಾವಾಗ ಅದು ಪೂರ್ತಿ ಮುರಿಯುತ್ತದೆ ಅನ್ನುವುದಕ್ಕೆ ಪಾಳಿ ಭಾಷೆಯ ಹಳೆಯ ಬೌದ್ಧ ವ್ಯಾಖ್ಯಾನಗಳು ಐದು ಅಂಶ ಹೇಳುತ್ತವೆ: ಎದುರಿಗೆ ಒಂದು ಜೀವಿ ಇರಬೇಕು, ಅದು ಜೀವಿ ಅಂತ ಗೊತ್ತಿರಬೇಕು, ಕೊಲ್ಲುವ ಮನಸ್ಸಿರಬೇಕು, ಅದಕ್ಕೆ ಪ್ರಯತ್ನ ನಡೆಯಬೇಕು, ಆ ಪ್ರಯತ್ನದಿಂದ ಜೀವ ಹೋಗಬೇಕು. ಸಂತಾನಹರಣದಲ್ಲಿ ಕೊಲ್ಲುವ ಮನಸ್ಸೂ ಇಲ್ಲ, ಸಾವೂ ಇಲ್ಲ. ಗರ್ಭ ಕಟ್ಟಿದ ಪ್ರಾಣಿಯಾದರೆ ಮಾತು ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ಕೊಲೆ ಅಲ್ಲ ಸರಿ. ಆದರೆ ಹಿಂಸೆ ಹೌದಲ್ವಾ?

ಹೌದು. ಇಲ್ಲಿ ಜಾರಿಕೊಳ್ಳುವುದಕ್ಕೆ ದಾರಿ ಹುಡುಕಬೇಡಿ. ಬುದ್ಧನ ಮಾತುಗಳ ಸಂಗ್ರಹವಾದ ಧಮ್ಮಪದದಲ್ಲಿ ದಂಡವಗ್ಗ ಅನ್ನುವ ಅಧ್ಯಾಯ ಶುರುವಾಗುವುದೇ ಈ ಮಾತಿನಿಂದ: ಎಲ್ಲರೂ ಏಟಿಗೆ ನಡುಗುತ್ತಾರೆ, ಎಲ್ಲರಿಗೂ ಸಾವಿನ ಭಯ ಇದೆ, ಇನ್ನೊಬ್ಬರ ಜಾಗದಲ್ಲಿ ನಿನ್ನನ್ನು ಇಟ್ಟು ನೋಡಿ ಹೊಡೆಯಬೇಡ, ಹೊಡೆಸಲೂ ಬೇಡ. "ಹೊಡೆಸಲೂ ಬೇಡ" ಅನ್ನುವ ತುಂಡು ನಮಗೆ ಹೇಳಿದ್ದು. ಕತ್ತರಿ ಹಿಡಿಯುವವರು ಡಾಕ್ಟರ್ ಆದರೂ ಕರೆದುಕೊಂಡು ಹೋಗಿ ಬಿಟ್ಟವರು ನಾವು.

ಆದರೆ ಮಗುವಿನ ಹುಳುಕು ಹಲ್ಲು ಕೀಳಿಸುವುದೂ ನೋವೇ. ನೋವಾಯಿತು ಅನ್ನುವ ಒಂದೇ ಕಾರಣಕ್ಕೆ ಕೆಲಸ ಕೆಟ್ಟದ್ದಾಗುವುದಿಲ್ಲ. ಯಾರ ಒಳ್ಳೆಯದಕ್ಕೆ, ಯಾವ ಮನಸ್ಸಿನಿಂದ, ನೋವನ್ನು ಎಷ್ಟು ಕಡಿಮೆ ಮಾಡಿ ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಬೌದ್ಧ ಪರಂಪರೆಯಲ್ಲಿ ಪ್ರಾಣಿಗಳ ಬೀಜ ಒಡೆಸುವುದನ್ನು ವಿರೋಧಿಸಿದ್ದಾರೆ ಅಂತ ಕೇಳಿದ್ದೇನೆ. ನಿಜವಾ?

ನಿಜ. ಆಪರೇಷನ್ ಪರ ಮಾತಾಡುವವರು ಇದನ್ನು ಬಿಟ್ಟು ಮಾತಾಡುತ್ತಾರೆ, ಅದು ನನಗೆ ಸರಿ ಕಾಣುವುದಿಲ್ಲ.

ಅಶೋಕನ ಐದನೇ ಸ್ತಂಭ ಶಾಸನ ನೋಡಿ. ಪಟ್ಟಕ್ಕೆ ಬಂದು 26 ವರ್ಷ ಆದಮೇಲೆ ಹಾಕಿಸಿದ್ದು. ಯಾವ ಯಾವ ಪ್ರಾಣಿಗಳನ್ನು ಕೊಲ್ಲಬಾರದು ಅನ್ನುವ ಉದ್ದ ಪಟ್ಟಿ ಅದರಲ್ಲಿದೆ. ಜೊತೆಗೆ, ಪ್ರತಿ ಪಕ್ಷದ ಅಷ್ಟಮಿ, ಚತುರ್ದಶಿ, ಪಂಚದಶಿಗಳಲ್ಲಿ, ತಿಷ್ಯ ಮತ್ತು ಪುನರ್ವಸು ನಕ್ಷತ್ರದ ದಿನಗಳಲ್ಲಿ, ಮೂರು ಚಾತುರ್ಮಾಸ್ಯದ ದಿನಗಳಲ್ಲಿ, ಹಬ್ಬದ ದಿನಗಳಲ್ಲಿ ಹೋರಿ, ಹೋತ, ಟಗರು, ಹಂದಿ ಮತ್ತು ಹೀಗೆ ಬೀಜ ಒಡೆಸುವ ಬೇರೆ ಯಾವ ಪ್ರಾಣಿಗೂ ಬೀಜ ಒಡೆಸಬಾರದು ಅಂತ ಇದೆ. ಹುಂಜಗಳಿಗೆ ಮಾತ್ರ ದಿನದ ಲೆಕ್ಕವೇ ಇಲ್ಲ, ಅವುಗಳ ಬೀಜ ತೆಗೆಯಲೇಬಾರದು. ಎತ್ತಿಲ್ಲದೆ ಬೇಸಾಯ ನಡೆಯದ ಕಾಲ ಅದು. ಪೂರ್ತಿ ನಿಲ್ಲಿಸಲು ಆಗಿರಲಿಕ್ಕಿಲ್ಲ, ಆದ್ದರಿಂದ ದಿನಗಳನ್ನಾದರೂ ಕಡಿಮೆ ಮಾಡಿದ ಅಂತ ನಾನು ಓದಿಕೊಳ್ಳುತ್ತೇನೆ. ಅಂದರೆ ಅವನ ಕಣ್ಣಿಗೆ ಅದು ಕ್ರೌರ್ಯವಾಗಿ ಕಂಡಿತ್ತು.

ಇನ್ನೊಂದು ಕಥೆ ಏಳನೇ ಶತಮಾನದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬರೆದದ್ದು, ಮಧ್ಯ ಏಷ್ಯಾದ ಕೂಚಾ ರಾಜ್ಯದ್ದು. ರಾಜ ತೀರ್ಥಯಾತ್ರೆಗೆ ಹೊರಟಾಗ ರಾಜ್ಯವನ್ನು ತಮ್ಮನ ಕೈಗೆ ಕೊಡುತ್ತಾನೆ. ಮುಂದೆ ತನ್ನ ಮೇಲೆ ಅಪವಾದ ಬರಬಹುದು ಅಂತ ತಮ್ಮ ಮೊದಲೇ ತನ್ನ ಅಂಗವನ್ನು ತಾನೇ ಕತ್ತರಿಸಿ, ಪೆಟ್ಟಿಗೆಯಲ್ಲಿಟ್ಟು ಮುದ್ರೆ ಒತ್ತಿ ಅಣ್ಣನಿಗೆ ಕೊಟ್ಟಿರುತ್ತಾನೆ. ಅಪವಾದ ಬಂದೇ ಬರುತ್ತದೆ. ಪೆಟ್ಟಿಗೆ ತೆರೆದಾಗ ರಾಜನಿಗೆ ಸತ್ಯ ತಿಳಿಯುತ್ತದೆ. ಎಷ್ಟೋ ದಿನದ ಮೇಲೆ ಆ ತಮ್ಮ ದಾರಿಯಲ್ಲಿ ಹೋಗುವಾಗ ಒಬ್ಬ 500 ಹೋರಿಗಳನ್ನು ಬೀಜ ಒಡೆಸಲು ಹೊಡೆದುಕೊಂಡು ಹೋಗುತ್ತಿರುವುದು ಕಾಣುತ್ತದೆ. ತನ್ನ ಮೈಗೆ ಆದದ್ದು ನೆನಪಾಗಿ ಅಷ್ಟನ್ನೂ ದುಡ್ಡು ಕೊಟ್ಟು ಬಿಡಿಸುತ್ತಾನೆ. ಆ ಕರುಣೆಯ ಬಲದಿಂದ ಅವನ ಮೈ ಮೊದಲಿನಂತೆ ಆಗುತ್ತದೆ. ರಾಜ ಆಶ್ಚರ್ಯಪಟ್ಟು ಅಲ್ಲೊಂದು ವಿಹಾರ ಕಟ್ಟಿಸುತ್ತಾನೆ. ಇದರ ಹತ್ತಿರದ ಕಥೆ ಅಭಿಧರ್ಮದ, ಅಂದರೆ ಬೌದ್ಧ ತತ್ವ ವಿಚಾರದ, ಗ್ರಂಥಗಳಲ್ಲೂ ಬರುತ್ತದೆ, ಕರ್ಮದ ಫಲ ಇದೇ ಜನ್ಮದಲ್ಲಿ ಸಿಗಬಹುದು ಅನ್ನುವುದಕ್ಕೆ ಉದಾಹರಣೆಯಾಗಿ.

ಈ ಕಥೆ ಓದಿ ನಾನು ಒಂದು ವಾರ ಒದ್ದಾಡಿದೆ. ಕೊನೆಗೆ ತಿಳಿದದ್ದು ಇಷ್ಟು. ಆ ಹೋರಿಗಳ ಬೀಜ ಒಡೆಸುತ್ತಿದ್ದುದು ಅವುಗಳ ಒಳ್ಳೆಯದಕ್ಕಲ್ಲ. ನೊಗಕ್ಕೆ ಕಟ್ಟಲು, ಪೊಗರು ಇಳಿಸಲು, ಅದೂ ಅರಿವಳಿಕೆ ಇಲ್ಲದೆ, ಕೆಡವಿ ಕಟ್ಟಿಹಾಕಿ. ಹಾಗಾಗಿ ಆ ಕಥೆಯನ್ನು ತಂದು ಇವತ್ತಿನ ಆಪರೇಷನ್ನಿನ ಮೇಲೆ ಇಟ್ಟರೆ ಅಳತೆ ಸರಿಹೋಗುವುದಿಲ್ಲ. ಆದರೆ ಅದು ಕೇಳುವ ಪ್ರಶ್ನೆ ಮಾತ್ರ ಇವತ್ತಿಗೂ ನೇರವಾಗಿ ತಾಗುತ್ತದೆ: ನೀನು ಇದನ್ನು ಅದಕ್ಕಾಗಿ ಮಾಡಿಸುತ್ತಿದ್ದೀಯಾ, ನಿನಗಾಗಿ ಮಾಡಿಸುತ್ತಿದ್ದೀಯಾ?

"ನನ್ನ ಉದ್ದೇಶ ಒಳ್ಳೆಯದು" ಅಂದರೆ ಸಾಕಾ?

ಸಾಲದು. ಚೇತನವನ್ನೇ, ಅಂದರೆ ಒಳಗಿನ ಉದ್ದೇಶವನ್ನೇ, ನಾನು ಕರ್ಮ ಅನ್ನುತ್ತೇನೆ ಅಂತ ಬುದ್ಧ ಹೇಳಿದ್ದಾನೆ, ಅವನ ಉಪದೇಶಗಳ ಸಂಗ್ರಹಗಳಲ್ಲಿ ಒಂದಾದ ಅಂಗುತ್ತರ ನಿಕಾಯದಲ್ಲಿದೆ. ಈ ಮಾತನ್ನು ನಾವು ತುಂಬ ಸಲೀಸಾಗಿ ಬಳಸುತ್ತೇವೆ. ಆದರೆ ನಮ್ಮ ಉದ್ದೇಶ ನಮಗೇ ಸರಿಯಾಗಿ ಗೊತ್ತಿರುವುದಿಲ್ಲ, ಅಲ್ವಾ?

ಇದಕ್ಕೆ ನನಗೆ ಜಾಸ್ತಿ ಸಹಾಯ ಮಾಡಿದ್ದು ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ ಮಾತು, ಅಂಥದ್ದೇ ಇನ್ನೊಂದು ಸಂಗ್ರಹವಾದ ಮಜ್ಝಿಮ ನಿಕಾಯದಲ್ಲಿದೆ. ಕನ್ನಡಿ ಯಾಕಿರುವುದು ಅಂತ ಮಗನನ್ನು ಕೇಳುತ್ತಾನೆ. ನೋಡಿಕೊಳ್ಳಲು ಅಂತ ರಾಹುಲ ಹೇಳುತ್ತಾನೆ. ಹಾಗೆಯೇ ಪ್ರತಿ ಕೆಲಸವನ್ನೂ ಮಾಡುವ ಮುಂಚೆ, ಮಾಡುತ್ತಿರುವಾಗ, ಮಾಡಿದ ಮೇಲೆ ನೋಡಿಕೋ ಅನ್ನುತ್ತಾನೆ. ಇದರಿಂದ ನನಗೆ ಕೇಡಾಗುತ್ತದಾ, ಬೇರೆಯವರಿಗೆ ಕೇಡಾಗುತ್ತದಾ, ಇಬ್ಬರಿಗೂ ಆಗುತ್ತದಾ? ಮೂರು ಹೊತ್ತಿನಲ್ಲೂ ನೋಡಬೇಕು. ಒಮ್ಮೆ ತೀರ್ಮಾನ ಮಾಡಿ ಮುಗಿಸುವ ವಿಷಯವೇ ಅಲ್ಲ ಇದು.

ನನ್ನ ಬೆಕ್ಕಿನ ವಿಷಯದಲ್ಲಿ ನಾನು ಹಾಗೆ ಕೂತು ನೋಡಿದಾಗ ಸಿಕ್ಕ ಕಾರಣಗಳು ಹೀಗಿದ್ದವು. ಬೆದೆಗೆ ಬಂದಾಗ ರಾತ್ರಿಯೆಲ್ಲ ಕೂಗುತ್ತಾಳೆ, ನನಗೆ ನಿದ್ದೆ ಇಲ್ಲ. ಅಕ್ಕಪಕ್ಕದವರು ಏನಂದುಕೊಳ್ಳುತ್ತಾರೋ. ಮರಿಗಳನ್ನು ಯಾರಿಗೆ ಕೊಡುವುದು. ಪದೇ ಪದೇ ಮರಿ ಹಾಕಿ ಅವಳು ಬಡವಾಗಿದ್ದಾಳೆ. ಹುಟ್ಟಿದ ಮರಿಗಳು ಬದುಕುತ್ತಿಲ್ಲ. ಮೊದಲೆರಡು ನನ್ನವು. ಕೊನೆಯ ಎರಡು ಅವಳವು. ಮಧ್ಯದ್ದು ಎರಡೂ ಕಡೆಯದು. ಮನುಷ್ಯರ ಉದ್ದೇಶ ಹೀಗೆ ಕಲಬೆರಕೆಯಾಗಿಯೇ ಇರುತ್ತದೆ. ಪೂರ್ತಿ ಶುದ್ಧವಾಗುವ ತನಕ ಕಾಯುತ್ತೇನೆ ಅಂದರೆ ಅಷ್ಟರಲ್ಲಿ ಇನ್ನೊಂದು ಹೆರಿಗೆ ಆಗಿರುತ್ತದೆ. ನನ್ನ ನಿದ್ದೆಯ ಕಾರಣವನ್ನು ಪಟ್ಟಿಯಿಂದ ತೆಗೆದರೂ ಆಪರೇಷನ್ ಮಾಡಿಸುತ್ತಿದ್ದೆನಾ ಅಂತ ಕೇಳಿಕೊಂಡೆ. ಹೌದು ಅನ್ನಿಸಿತು. ನೀವೂ ಹಾಗೆ ಒಂದೊಂದೇ ಕಾರಣ ತೆಗೆದು ನೋಡಿ.

ಪ್ರಕೃತಿಗೆ ಬಿಟ್ಟುಬಿಡುವುದೇ ಒಳ್ಳೆಯದಲ್ವಾ? ನಾವು ಯಾಕೆ ಕೈ ಹಾಕಬೇಕು?

ನಾನೂ ಇದನ್ನೇ ಹೇಳಿಕೊಂಡು ಎರಡು ವರ್ಷ ಸುಮ್ಮನಿದ್ದೆ.

ಬೂದಿ ಅಂತ ನನ್ನ ಬೆಕ್ಕಿನ ಹೆಸರು, ಬೂದು ಬಣ್ಣದವಳು. ಮೂರನೇ ಸಲ ನಾಲ್ಕು ಮರಿ ಹಾಕಿದಳು, ಹಳೇ ಬಟ್ಟೆ ತುಂಬಿದ ರಟ್ಟಿನ ಡಬ್ಬದಲ್ಲಿ. ಅಷ್ಟೊತ್ತಿಗೆ ಅವಳ ಬೆನ್ನುಮೂಳೆ ಕೈಗೆ ಒಂದೊಂದೇ ಸಿಗುತ್ತಿತ್ತು. ಹಾಲು ಸಾಲುತ್ತಿರಲಿಲ್ಲ. ಎರಡು ಮರಿಗಳು ಮೂರನೇ ದಿನ ತಣ್ಣಗಾಗಿದ್ದವು. ಇನ್ನೊಂದನ್ನು ಒಂದು ಗಂಡು ಬೆಕ್ಕು ಎತ್ತಿಕೊಂಡು ಹೋಯಿತು. ಉಳಿದದ್ದು ಎಲ್ಲಕ್ಕಿಂತ ಚಿಕ್ಕದು, ಅದಕ್ಕೆ ಡ್ರಾಪರಿನಲ್ಲಿ ಹಾಲು ಹಾಕುತ್ತಿದ್ದೆ. ಬಾಯಿ ತೆರೆಯುತ್ತಿತ್ತು, ನುಂಗುವ ಶಕ್ತಿ ಇರಲಿಲ್ಲ, ಹಾಲು ಗದ್ದದ ಮೇಲೆ ಇಳಿದು ನನ್ನ ಅಂಗೈಗೆ ಬರುತ್ತಿತ್ತು. ಬೆಳಗಿನ ಜಾವ ಅಂಗೈಯಲ್ಲೇ ಹೋಯಿತು. ಬೂದಿ ಬಂದು ಅದನ್ನು ನೆಕ್ಕಿದಳು, ಆಮೇಲೆ ಡಬ್ಬದೊಳಗೆ ಹೋಗಿ ಬಟ್ಟೆಗಳ ಮಧ್ಯೆ ಹುಡುಕಿದಳು.

ಇದನ್ನು ಪ್ರಕೃತಿ ಅನ್ನುವುದಕ್ಕೆ ನನಗೆ ಈಗ ಬಾಯಿ ಬರುವುದಿಲ್ಲ. ನಾವು ಅವಳಿಗೆ ಊಟ ಹಾಕುತ್ತೇವೆ, ಲಸಿಕೆ ಹಾಕಿಸುತ್ತೇವೆ, ಮಳೆಯಲ್ಲಿ ಒಳಗೆ ಕರೆದುಕೊಳ್ಳುತ್ತೇವೆ. ಅಲ್ಲೆಲ್ಲ ಕೈ ಹಾಕಿ, ಈ ಒಂದು ವಿಷಯದಲ್ಲಿ ಮಾತ್ರ ಪ್ರಕೃತಿ ಅನ್ನುವುದು ನ್ಯಾಯವಾ? ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಸುಮಾರು ಒಂಬತ್ತು ವಾರ. ವರ್ಷಕ್ಕೆ ಎರಡು ಮೂರು ಸಲ ಮರಿ ಹಾಕಬಹುದು, ಹಿಂದಿನ ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ಮತ್ತೆ ಬಸಿರಾಗಬಹುದು.

ಇದನ್ನು ಉಪೇಕ್ಷೆ ಅಂತ ಕರೆದುಕೊಳ್ಳುವವರೂ ಇದ್ದಾರೆ. ಬೌದ್ಧರಲ್ಲಿ ಈ ಪದಕ್ಕೆ ಕಡೆಗಣಿಸುವುದು ಅಂತಲ್ಲ, ಸಮಚಿತ್ತ ಅಂತ ಅರ್ಥ. ಹಳೆಯ ವ್ಯಾಖ್ಯಾನಕಾರ ಬುದ್ಧಘೋಷ ತನ್ನ ವಿಸುದ್ಧಿಮಗ್ಗ ಗ್ರಂಥದಲ್ಲಿ ಮೈತ್ರಿ, ಕರುಣೆ, ಮುದಿತೆ (ಬೇರೆಯವರ ಸುಖ ಕಂಡು ಖುಷಿಪಡುವುದು), ಉಪೇಕ್ಷೆ ಒಂದೊಂದಕ್ಕೂ ಒಬ್ಬ ಹತ್ತಿರದ ಶತ್ರುವನ್ನು ಹೇಳುತ್ತಾನೆ, ನೋಡಲು ಅದರಂತೆಯೇ ಇದ್ದು ಒಳಗಿಂದ ಕೆಡಿಸುವಂಥದ್ದು. ಉಪೇಕ್ಷೆಯ ಹತ್ತಿರದ ಶತ್ರು ತಿಳಿಯದೆ ಬರುವ ಉದಾಸೀನ. ನನ್ನದು ಅದೇ ಆಗಿತ್ತು.

ಹುಟ್ಟಬೇಕಾಗಿದ್ದ ಜೀವಗಳನ್ನು ತಡೆದ ಪಾಪ ಬರುವುದಿಲ್ವಾ?

ಬಾಗಿಲ ಹೊರಗೆ ನಾಲ್ಕು ಮರಿಗಳು ಸಾಲಾಗಿ ನಿಂತಿವೆ, ನಾವು ಬಾಗಿಲು ಹಾಕಿಬಿಟ್ಟೆವು ಅನ್ನುವ ಚಿತ್ರ ನಮ್ಮ ತಲೆಯಲ್ಲಿದೆ. ಬೌದ್ಧ ತಿಳುವಳಿಕೆಯಲ್ಲಿ ಹಾಗಿಲ್ಲ. ಗರ್ಭ ನಿಲ್ಲಲು ಮೂರು ಸೇರಬೇಕು ಅಂತ ಮಜ್ಝಿಮ ನಿಕಾಯ ಹೇಳುತ್ತದೆ: ತಂದೆ ತಾಯಿ ಕೂಡಬೇಕು, ತಾಯಿಗೆ ಋತುಕಾಲ ಇರಬೇಕು, ಗಂಧಬ್ಬ ಇರಬೇಕು, ಅಂದರೆ ಹುಟ್ಟಲಿರುವ ಜೀವದ ಹರಿವು ಅಲ್ಲಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೆ ಗರ್ಭವೇ ಇಲ್ಲ. ಇಲ್ಲದ್ದನ್ನು ಕೊಲ್ಲುವುದು ಹೇಗೆ? ಆ ಹರಿವು ತನ್ನ ಕರ್ಮದ ಪ್ರಕಾರ ಬೇರೆ ಕಡೆ ಹುಟ್ಟುತ್ತದೆ. ನಿಮ್ಮ ಬೆಕ್ಕಿನ ಹೊಟ್ಟೆಯೇ ಆಗಬೇಕು ಅಂತಿಲ್ಲ.

ಬ್ರಹ್ಮಚರ್ಯ ಹಿಡಿದ ಭಿಕ್ಷು ಭಿಕ್ಷುಣಿಯರೂ ಮಕ್ಕಳನ್ನು ಹುಟ್ಟಿಸುವುದಿಲ್ಲ. ಅದನ್ನು ಯಾರೂ ಪಾಪ ಅನ್ನಲಿಲ್ಲ.

ಹಾಗಾದರೆ ಕಾಮದಿಂದ ಬಿಡುಗಡೆ ಕೊಟ್ಟ ಪುಣ್ಯ ಬರುತ್ತದಾ?

ಇದನ್ನೂ ಕೆಲವರು ಮನಸಾರೆ ಕೇಳುತ್ತಾರೆ. ಬರುವುದಿಲ್ಲ. ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯ ಪಿಟಕದಲ್ಲಿ ಒಬ್ಬ ಭಿಕ್ಷುವಿನ ಪ್ರಸಂಗ ಇದೆ. ಕಾಮದ ಕಾಟ ತಡೆಯಲಾಗದೆ ತನ್ನ ಅಂಗವನ್ನೇ ಕತ್ತರಿಸಿಕೊಳ್ಳುತ್ತಾನೆ. ಬುದ್ಧ ಅವನನ್ನು ಮೆಚ್ಚಲಿಲ್ಲ, ಕತ್ತರಿಸಬೇಕಾದ್ದು ಒಂದಿರುವಾಗ ಇವನು ಇನ್ನೊಂದನ್ನು ಕತ್ತರಿಸಿದ ಅಂದ. ಮೈಯ ಭಾಗ ತೆಗೆದರೆ ತೃಷ್ಣೆ ಹೋಗುವುದಿಲ್ಲ. ಪ್ರಾಣಿಗೆ ಆಪರೇಷನ್ನಿನಿಂದ ಬದುಕು ಹಗುರವಾಗುತ್ತದೆ, ಅಷ್ಟೇ ಹೇಳಿ ಸಾಕು.

ಒಂದು ಸಲವಾದರೂ ತಾಯಿಯಾಗಲಿ, ಆಮೇಲೆ ಮಾಡಿಸೋಣ ಅಂತ ಮನೆಯವರು ಹೇಳುತ್ತಾರೆ.

ತಾಯ್ತನದ ಆಸೆ ಅನ್ನುವುದು ನಾವು ಅವಳಿಗೆ ತೊಡಿಸಿದ ನಮ್ಮ ಬಟ್ಟೆ. ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಮಾತಿಗೂ ಆಧಾರ ಇಲ್ಲ. ಹೆಣ್ಣು ನಾಯಿಗಳಲ್ಲಿ ಮೊದಲ ಬೆದೆಗಿಂತ ಮುಂಚೆ ಮಾಡಿಸಿದರೆ ಮುಂದೆ ಮೊಲೆಯಲ್ಲಿ ಗಂಟಾಗುವ ಅಪಾಯ ಕಡಿಮೆ ಅಂತ ವೈದ್ಯರು ಹೇಳುತ್ತಾರೆ.

ಈಗಾಗಲೇ ಗರ್ಭ ನಿಂತಿದ್ದರೆ?

ಇಲ್ಲಿ ನಿಲ್ಲಿ. ಇಲ್ಲಿಯವರೆಗೆ ಹೇಳಿದ್ದು ಇಲ್ಲಿಗೆ ಅನ್ವಯಿಸುವುದಿಲ್ಲ. ಗರ್ಭಿಣಿ ಪ್ರಾಣಿಗೆ ಆಪರೇಷನ್ ಮಾಡಿದರೆ ಗರ್ಭಕೋಶದ ಜೊತೆ ಒಳಗಿರುವ ಮರಿಗಳೂ ಹೋಗುತ್ತವೆ. ತಾಯಿಯ ಹೊಟ್ಟೆಯಲ್ಲಿ ಮೊದಲ ಚಿತ್ತ ಮೂಡಿದಾಗಲೇ ಜೀವ ಶುರು ಅಂತ ವಿನಯದಲ್ಲಿ ಮನುಷ್ಯರ ಬಗ್ಗೆ ಹೇಳಿದೆ. ಪ್ರಾಣಿಗಳಿಗೆ ಬೇರೆ ಲೆಕ್ಕ ಹಾಕಲು ನನಗೆ ಕಾರಣ ಕಾಣುವುದಿಲ್ಲ. ಆದ್ದರಿಂದ ಇದು ಮೊದಲ ಶೀಲಕ್ಕೇ ಬಂದು ತಾಗುತ್ತದೆ.

ತಾಯಿಯ ಜೀವಕ್ಕೇ ಅಪಾಯ ಇದ್ದರೆ ವೈದ್ಯರ ಮಾತು ಕೇಳಿ. ಇಲ್ಲದಿದ್ದರೆ ಹೆರಿಗೆಯಾಗಲಿ, ಮರಿಗಳು ಹಾಲು ಬಿಡಲಿ, ಅಲ್ಲಿಯವರೆಗೆ ಅವಳನ್ನು ಹೊರಗೆ ಬಿಡದೆ ನೋಡಿಕೊಂಡು ಆಮೇಲೆ ಮಾಡಿಸಿ. ಕರೆದುಕೊಂಡು ಹೋಗುವ ಮೊದಲೇ ಗರ್ಭ ಇದೆಯಾ ಅಂತ ಪರೀಕ್ಷೆ ಮಾಡಿಸಿ, ಇದ್ದರೆ ಏನು ಮಾಡಬೇಕು ಅನ್ನುವುದನ್ನೂ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರು ತಮ್ಮ ರೂಢಿಯಂತೆ ಮಾಡಿಬಿಡಬಹುದು. ಬೀದಿಯಲ್ಲಿ ಬಿಟ್ಟರೆ ಹುಟ್ಟುವ ಮರಿಗಳಲ್ಲಿ ಒಂದೂ ಉಳಿಯುವುದಿಲ್ಲ ಅಂತ ಗೊತ್ತಿದ್ದೂ ಈ ಮಾತು ಹೇಳುವುದು ಸುಲಭವಲ್ಲ. ಬೀದಿ ಪ್ರಾಣಿಗಳ ಕೆಲಸದಲ್ಲಿರುವವರು ಬೇರೆ ತೀರ್ಮಾನಕ್ಕೆ ಬಂದಿರುತ್ತಾರೆ, ಅವರನ್ನು ದೂರಲು ನನಗೆ ಮನಸ್ಸಿಲ್ಲ.

ಗಂಡಿಗೆ ಯಾಕೆ? ಮರಿ ಹಾಕುವುದು ಹೆಣ್ಣಲ್ವಾ?

ಗಂಡಿನ ಆಪರೇಷನ್ ಹೆಣ್ಣಿನದಕ್ಕಿಂತ ಚಿಕ್ಕದು, ಹೊಟ್ಟೆ ತೆರೆಯಬೇಕಾಗಿಲ್ಲ, ಬೇಗ ವಾಸಿಯಾಗುತ್ತದೆ. ಹೊರಗೆ ತಿರುಗುವ ಒಂದೇ ಗಂಡು ಎಷ್ಟೋ ಹೆಣ್ಣುಗಳನ್ನು ಬಸಿರು ಮಾಡುತ್ತದೆ. ಆ ಮರಿಗಳು ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಅವೂ ಲೆಕ್ಕಕ್ಕೆ ಇವೆ.

ಅದರ ಒಪ್ಪಿಗೆ ಇಲ್ಲದೆ ಅದರ ಮೈ ಮುಟ್ಟಲು ನಮಗೆ ಏನು ಹಕ್ಕು?

ಹಕ್ಕು ಅನ್ನುವ ಪದ ಇಲ್ಲಿ ನನಗೆ ಸರಿಬರುವುದಿಲ್ಲ. ಒಪ್ಪಿಗೆ ಕೇಳಲು ದಾರಿ ಇಲ್ಲ, ಅದು ನಿಜ. ಹಾಗಂತ ನಮ್ಮ ಕೈಯಲ್ಲಿರುವ ಜೀವದ ವಿಷಯದಲ್ಲಿ ತೀರ್ಮಾನ ಮಾಡದೆ ಇರುವುದಕ್ಕೂ ದಾರಿ ಇಲ್ಲ. ಮಾಡಿಸದಿರುವುದೂ ಅದರ ಒಪ್ಪಿಗೆ ಕೇಳದೆ ನಾವೇ ತೆಗೆದುಕೊಂಡ ತೀರ್ಮಾನ. ಮೈತ್ರಿಯ ಬಗ್ಗೆ ಬುದ್ಧ ಹೇಳಿದ ಮೆತ್ತಸುತ್ತದಲ್ಲಿ, ತಾಯಿ ತನ್ನ ಒಬ್ಬನೇ ಮಗನನ್ನು ಪ್ರಾಣ ಕೊಟ್ಟಾದರೂ ಕಾಯುವಂತೆ ಎಲ್ಲ ಜೀವಿಗಳ ಕಡೆಗೂ ಮನಸ್ಸನ್ನು ಬೆಳೆಸು ಅಂತಿದೆ. ತಾಯಿ ಎಳೆ ಮಗುವಿಗೆ ಸೂಜಿ ಹಾಕಿಸುವಾಗ ಒಪ್ಪಿಗೆ ಕೇಳುವುದಿಲ್ಲ. ಆದರೆ ಎತ್ತಿಕೊಂಡು ಕೂತಿರುತ್ತಾಳೆ, ಅದು ಅತ್ತಾಗ ಅವಳಿಗೂ ನೋಯುತ್ತದೆ. ನಮ್ಮಿಂದ ಬೇಕಾಗಿರುವುದು ಅದು.

ಆಪರೇಷನ್ ಬಿಟ್ಟು ಬೇರೆ ದಾರಿ ಇಲ್ವಾ? ಆರೋಗ್ಯಕ್ಕೆ ತೊಂದರೆ ಆಗುವುದಿಲ್ವಾ?

ಕೆಲವು ದಾರಿಗಳಿವೆ. ಗಂಡು ನಾಯಿಗಳಿಗೆ ಚರ್ಮದ ಕೆಳಗೆ ಇಡುವ ಹಾರ್ಮೋನ್ ಇಂಪ್ಲಾಂಟ್ ಬಂದಿದೆ, ಕೆಲವು ತಿಂಗಳು ಕೆಲಸ ಮಾಡುತ್ತದೆ, ಆಮೇಲೆ ಮೊದಲಿನಂತಾಗುತ್ತದೆ. ಹಾರ್ಮೋನುಗಳನ್ನು ಉಳಿಸಿ ನಾಳ ಮಾತ್ರ ಕತ್ತರಿಸುವ ವ್ಯಾಸೆಕ್ಟಮಿಯೂ ಇದೆ. ಎಲ್ಲ ವೈದ್ಯರೂ ಮಾಡುವುದಿಲ್ಲ, ಕೇಳಿ ನೋಡಿ. ಮನೆಯೊಳಗೇ ಇರುವ ಒಂದೇ ಗಂಡು ನಾಯಿಯನ್ನು ಸರಿಯಾಗಿ ನೋಡಿಕೊಳ್ಳುವ ಶಿಸ್ತು ನಿಮಗಿದ್ದರೆ ಏನೂ ಮಾಡಿಸದೆಯೂ ಇರಬಹುದು. ಅಂಥ ಮನೆಗಳಲ್ಲಿ ಸುಮ್ನೆ ಎಲ್ಲರೂ ಮಾಡಿಸುತ್ತಾರೆ ಅಂತ ಮಾಡಿಸಬೇಡಿ.

ಹೆಣ್ಣಿಗೆ ಲಾಭ ಜಾಸ್ತಿ. ಆಪರೇಷನ್ ಆಗದ ಹೆಣ್ಣು ನಾಯಿಗಳಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುವುದು ಸಾಮಾನ್ಯ, ತಡ ಮಾಡಿದರೆ ಜೀವ ಹೋಗುತ್ತದೆ. ತೊಂದರೆಗಳೂ ಇವೆ, ಮುಚ್ಚಿಡಬಾರದು. ಆಪರೇಷನ್ ಆದಮೇಲೆ ತೂಕ ಏರುತ್ತದೆ, ಊಟ ಹಿಡಿತದಲ್ಲಿಡಬೇಕು. ಕೆಲವು ದೊಡ್ಡ ತಳಿಯ ನಾಯಿಗಳಿಗೆ ಒಂದು ವರ್ಷ ತುಂಬುವ ಮೊದಲೇ ಮಾಡಿಸಿದರೆ ಕೀಲಿನ ತೊಂದರೆ ಜಾಸ್ತಿ. ಕೆಲವು ಹೆಣ್ಣು ನಾಯಿಗಳಿಗೆ ಮೂತ್ರ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ತಳಿ, ವಯಸ್ಸು ಹೇಳಿ ಯಾವಾಗ ಮಾಡಿಸಬೇಕು ಅಂತ ಕೇಳಿ. ಒಳ್ಳೆಯ ಮನಸ್ಸಿದ್ದು ವಿಚಾರಿಸದೆ ಮಾಡಿಸಿದರೆ ಅದು ಅರ್ಧ ಕರುಣೆ.

ಸಾಕುವುದೇ ತಪ್ಪು ಅಂತ ಕೆಲವರು ಹೇಳುತ್ತಾರಲ್ಲ?

ಪೂರ್ವ ಏಷ್ಯಾದ ಮಹಾಯಾನ ಬೌದ್ಧ ಪಂಥದಲ್ಲಿ ಬೋಧಿಸತ್ವ ವ್ರತ, ಅಂದರೆ ಎಲ್ಲ ಜೀವಿಗಳ ಒಳಿತಿಗಾಗಿ ಬುದ್ಧತ್ವದ ಕಡೆ ನಡೆಯುವ ವ್ರತ, ತೆಗೆದುಕೊಳ್ಳುವವರಿಗೆ ಬ್ರಹ್ಮಜಾಲ ಸೂತ್ರದಲ್ಲಿ ಬೆಕ್ಕು, ನಾಯಿ, ಹಂದಿ ಸಾಕಬಾರದು ಅನ್ನುವ ನಿಯಮ ಇದೆ. ಬೇರೆ ಜೀವಗಳಿಗೆ ಹಿಂಸೆಯಾಗಬಾರದು ಅನ್ನುವುದು ಅದರ ಹಿಂದಿನ ಮಾತು. ಆದರೆ ಬೀದಿಯಲ್ಲಿ ಬಿದ್ದಿದ್ದ ಮರಿಯನ್ನು ಎತ್ತಿ ತಂದವರಿಗೆ ಈ ನಿಯಮ ತೋರಿಸಿ ಬೈಯುವುದು ನನಗೆ ಇಷ್ಟವಿಲ್ಲ.

ತಳಿ ಬೆಳೆಸಿ ಮಾರುವ ವ್ಯಾಪಾರದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಗಟ್ಟಿ. ಉಪಾಸಕರು, ಅಂದರೆ ಬೌದ್ಧ ಗೃಹಸ್ಥರು, ಮಾಡಬಾರದ ಐದು ವ್ಯಾಪಾರಗಳಲ್ಲಿ ಜೀವಿಗಳ ವ್ಯಾಪಾರವೂ ಒಂದು. ಹಳೆಯ ವ್ಯಾಖ್ಯಾನ ಅದನ್ನು ಮನುಷ್ಯರ ಮಾರಾಟ ಅಂತ ಓದುತ್ತದೆ. ಒಂದು ಹೆಣ್ಣು ನಾಯಿಯನ್ನು ಬೆದೆಗೊಮ್ಮೆ ಬಸಿರು ಮಾಡಿಸಿ ಕಣ್ಣು ಬಿಟ್ಟ ಮರಿಗಳನ್ನು ಕಿತ್ತು ಮಾರುವುದನ್ನು ನೋಡಿದ ಮೇಲೆ, ಆ ಪದವನ್ನು ಮನುಷ್ಯರಿಗಷ್ಟೇ ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ.

ಆಪರೇಷನ್ ಮಾಡುವ ಡಾಕ್ಟರಿಗೆ ಪಾಪ ತಗಲುತ್ತದಾ?

ದೀಘ ನಿಕಾಯದಲ್ಲಿ ಶ್ರಮಣರು ಹೊಟ್ಟೆಪಾಡಿಗೆ ಮಾಡಬಾರದ ಕೆಲಸಗಳ ಪಟ್ಟಿಯಲ್ಲಿ ಗಂಡಸುತನ ಬರಿಸುವುದು, ಗಂಡಸುತನ ಕಳೆಯುವುದು ಎರಡೂ ಇವೆ. ಔಷಧಿ ಕೊಟ್ಟು ಜೀವನ ಮಾಡುವುದೂ ಅದೇ ಪಟ್ಟಿಯಲ್ಲಿದೆ. ಅದು ಸನ್ಯಾಸಿಗಳಿಗೆ ಹೇಳಿದ್ದು. ವೈದ್ಯರಿಗೆ ಅದನ್ನು ಅಂಟಿಸಬಾರದು.

ಬೌದ್ಧ ದೇಶಗಳಲ್ಲಿ ಏನು ಮಾಡುತ್ತಾರೆ?

ಭೂತಾನ್ ನೋಡಿ. ನಾಯಿಗಳನ್ನು ಕೊಲ್ಲುವುದು ಅಲ್ಲಿನ ಜನಕ್ಕೆ ಒಪ್ಪಿಗೆ ಆಗುವ ಮಾತಲ್ಲ. ಬೀದಿ ನಾಯಿಗಳು ಹೆಚ್ಚಾದಾಗ 2009ರಲ್ಲಿ ದೇಶದಾದ್ಯಂತ ಸಂತಾನಹರಣ ಮತ್ತು ರೇಬೀಸ್ ಲಸಿಕೆ ಶುರು ಮಾಡಿದರು. 1.5 ಲಕ್ಷಕ್ಕೂ ಹೆಚ್ಚು ನಾಯಿಗಳಿಗೆ ಆಪರೇಷನ್ ಮಾಡಿ, 2023ರ ಅಕ್ಟೋಬರಿನಲ್ಲಿ ಬೀದಿ ನಾಯಿಗಳೆಲ್ಲಕ್ಕೂ ಆಯಿತು ಅಂತ ಘೋಷಿಸಿದರು. ಶ್ರೀಲಂಕಾದಲ್ಲಿ 2006ರಲ್ಲಿ ಬೀದಿ ನಾಯಿಗಳನ್ನು ಕೊಲ್ಲುವುದನ್ನು ನಿಲ್ಲಿಸಿ ಲಸಿಕೆ, ಸಂತಾನಹರಣದ ದಾರಿ ಹಿಡಿದರು. ಕೊಲ್ಲಲು ಮನಸ್ಸಿಲ್ಲದವರು ಆರಿಸಿಕೊಂಡ ದಾರಿ ಇದು.

ಮಾಡಿಸಿದ ಮೇಲೂ ಮನಸ್ಸು ಚುಚ್ಚುತ್ತಿದೆ. ಮುಂದಿನ ಜನ್ಮದಲ್ಲಿ ನನಗೂ ಹೀಗೇ ಆಗುತ್ತದಾ?

ಕರ್ಮ ಹಾಗೆ ಒಂದಕ್ಕೊಂದು ಲೆಕ್ಕ ತೀರಿಸುವ ಅಂಗಡಿ ಪುಸ್ತಕ ಅಲ್ಲ. ಮನುಷ್ಯ ಏನು ಮಾಡಿದನೋ ಅದನ್ನೇ ಅಷ್ಟೇ ಅನುಭವಿಸುತ್ತಾನೆ ಅನ್ನುವುದಾದರೆ ಧರ್ಮದ ದಾರಿಯಲ್ಲಿ ನಡೆಯುವುದಕ್ಕೇ ಅರ್ಥ ಇರುವುದಿಲ್ಲ ಅಂತ ಬುದ್ಧ ಅಂಗುತ್ತರ ನಿಕಾಯದಲ್ಲಿ ಹೇಳಿ, ಒಂದು ಉಪ್ಪಿನ ಹರಳಿನ ಮಾತು ಹೇಳುತ್ತಾನೆ. ಹರಳನ್ನು ಚಿಕ್ಕ ಬಟ್ಟಲಿನ ನೀರಿಗೆ ಹಾಕಿದರೆ ಕುಡಿಯಲು ಆಗುವುದಿಲ್ಲ. ಅದೇ ಹರಳನ್ನು ಗಂಗೆಗೆ ಹಾಕಿದರೆ ನೀರು ಉಪ್ಪಾಗುವುದಿಲ್ಲ. ಹರಳು ಅದೇ, ನೀರು ಎಷ್ಟಿದೆ ಅನ್ನುವುದು ಮುಖ್ಯ. ಚುಚ್ಚುವ ಮನಸ್ಸು ಒಳ್ಳೆಯ ಲಕ್ಷಣವೇ. ಆದರೆ ಅದನ್ನೇ ಕೆರೆಯುತ್ತಾ ಕೂತರೆ ಬಟ್ಟಲು ಬಟ್ಟಲಾಗಿಯೇ ಉಳಿಯುತ್ತದೆ. ಇನ್ನೊಂದು ಬೀದಿ ನಾಯಿಗೆ ಲಸಿಕೆ ಹಾಕಿಸಿ, ಒಂದು ಮರಿಗೆ ಮನೆ ಹುಡುಕಿಕೊಡಿ.

ಆಪರೇಷನ್ ದಿನ ಮತ್ತು ಆಮೇಲೆ ನಾನು ಏನು ಮಾಡಬೇಕು?

ಜೊತೆಗಿರಿ. ಬೆಳಿಗ್ಗೆ ಬಿಟ್ಟು ಸಂಜೆ ಪಾರ್ಸೆಲ್ ತಂದ ಹಾಗೆ ತರಬೇಡಿ. ನೋವಿನ ಔಷಧಿ ಎಷ್ಟು ದಿನ ಕೊಡಬೇಕು ಅಂತ ಕೇಳಿ ಬರೆದುಕೊಳ್ಳಿ. ನಮ್ಮ ಪ್ಯಾರಸಿಟಮಾಲ್ ಮಾತ್ರೆಯನ್ನು ಬೆಕ್ಕಿಗೆ ಯಾವತ್ತೂ ಕೊಡಬೇಡಿ, ಒಂದೇ ಮಾತ್ರೆಗೆ ಸತ್ತುಹೋಗಬಹುದು. ಹೊಲಿಗೆ ನೆಕ್ಕದಂತೆ ಕತ್ತಿಗೆ ಕೋನ್ ಹಾಕಿ, ಎತ್ತರದ ಜಾಗಗಳನ್ನು ಮುಚ್ಚಿ.

ನಾನು ಮುಚ್ಚಿರಲಿಲ್ಲ. ಬೂದಿಗೆ ಅರಿವಳಿಕೆ ಪೂರ್ತಿ ಇಳಿದಿರಲಿಲ್ಲ, ಆದರೂ ಎಂದಿನಂತೆ ಕಿಟಕಿಗೆ ಹಾರಲು ಹೋದಳು. ಮುಂಗಾಲು ಕಟ್ಟೆಗೆ ಸಿಕ್ಕಿತು, ಹಿಂಗಾಲು ಬರಲಿಲ್ಲ. ಜಾರಿ ನನ್ನ ತೊಡೆಯ ಮೇಲೆ ಬಿದ್ದಳು. ಆ ರಾತ್ರಿ ನೆಲದ ಮೇಲೆ ಅವಳ ಪಕ್ಕ ಮಲಗಿದೆ. ಮೆತ್ತಸುತ್ತವನ್ನು ಮೆಲ್ಲಗೆ ಹೇಳುತ್ತಿದ್ದೆ, ಅವಳಿಗಿಂತ ಜಾಸ್ತಿ ನನಗೆ ಬೇಕಾಗಿತ್ತು. ಮಧ್ಯರಾತ್ರಿ ಕೋನ್ ಸಮೇತ ತಲೆಯನ್ನು ನನ್ನ ಕೈಮೇಲೆ ಇಟ್ಟು ನಿದ್ದೆ ಹೋದಳು. ಹತ್ತನೇ ದಿನ ಹೊಲಿಗೆ ಬಿಚ್ಚಿದರು. ಹೊಟ್ಟೆಯ ಬೋಳಿಸಿದ ಜಾಗದಲ್ಲಿ ಕೂದಲು ಪೂರ್ತಿ ಬರಲು ಎರಡು ತಿಂಗಳು ಹಿಡಿಯಿತು, ಅಷ್ಟರಲ್ಲಿ ಬೆನ್ನುಮೂಳೆಯೂ ಮಾಂಸದೊಳಗೆ ಮುಚ್ಚಿಹೋಗಿತ್ತು. ಈಗಲೂ ಅವಳು ಅಂಗಾತ ಮಲಗಿದಾಗ ಹೊಲಿಗೆ ಇದ್ದ ಜಾಗಕ್ಕೆ ಕೈ ತಾಗಿದರೆ ಕ್ಷಮಿಸು ಅನ್ನುತ್ತೇನೆ.